ಶಿರಸಿಯ ಆ ಹಿರಿಯರಿಗೆ ಧನ್ಯವಾದ

ಕಂಪನಿಯಲ್ಲಿ ರಿಪೇರಿಯಾಗಿ ಬಂದ ಕೋವಿಯನ್ನು ಶಿರಸಿಯ ಅಂಗಡಿಯಲ್ಲಿ ಬಿಚ್ಚಿ ನೋಡಿದಾಗ ಹೊಟ್ಟೆ ಉರಿಯಿತು. ಕೋವಿಯ ಕುದುರೆ (ಗುಂಡು ಹಾರಿಸುವ ಭಾಗ) ಸರಿಯಾಗಿತ್ತು. ಆದರೆ ಮರದ ಹಿಡಿಯಲ್ಲಿ ತಗ್ಗು, ನಳಿಗೆಯ ಮೇಲೆ ಬೆಳ್ಳಗೆ ಒಂದು ಗೀರು. ಅಡಿಕೆ ತೋಟಕ್ಕೆ ಹಂದಿ, ಮಂಗ ಬಾರದಂತೆ ಅಪ್ಪ ಜೋಪಾನ ಮಾಡಿದ ಕೋವಿ ಅದು.

ಪಕ್ಕದಲ್ಲಿದ್ದ ನೀವು "ತಮಾ, ಉಪ್ಪು ಕಾಗದ ಹಚ್ಚಡ" (ತಮ್ಮಾ, ಉಪ್ಪು ಕಾಗದ ಹಚ್ಚಬೇಡ) ಅಂದಿರಿ. ಮೊದಲು, ಕಂಪನಿಗೆ ಕಳಿಸಲೆಂದು ಫೋಟೊ ತೆಗೆಸಿದಿರಿ. ಆಮೇಲೆ ಅಂಗಡಿಯವರಿಂದ ಹಿಡಿ ಬಿಚ್ಚಿಸಿ, ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಒತ್ತಿದಿರಿ. ಹಬೆ ಕುಡಿದ ಮರ ನಿಧಾನಕ್ಕೆ ಮೇಲೆದ್ದಿತು! ನಾರು ತುಂಡಾಗಿದ್ದರೆ ಏಳುವುದಿಲ್ಲ, ಬರೀ ಒತ್ತಿಹೋಗಿದ್ದರೆ ಏಳುತ್ತದೆ ಎಂದೂ ಬಿಡಿಸಿ ಹೇಳಿದಿರಿ. ಒಣಗಿದ ಮೇಲೆ ಸವರಲು ಅಗಸೆ ಎಣ್ಣೆ ಅಂದಿರಿ, ಹಾಗೇ ಮಾಡಿದೆ. ಈಗ ತಗ್ಗು ಎಲ್ಲಿತ್ತೆಂದು ಹುಡುಕಬೇಕು.

ಗೀರಿನ ಜಾಗದಲ್ಲಿ ಕಪ್ಪು ಲೇಪ ಹೋಗಿದೆ, ನಮ್ಮ ಮಳೆಗಾಲಕ್ಕೆ ತುಕ್ಕು ಬೇಗ ಹಿಡಿಯುತ್ತದೆ ಅಲ್ವಾ? ನೀವು ಹೇಳಿದಂತೆ ಎಣ್ಣೆ ಸವರುತ್ತಿದ್ದೇನೆ. ಮತ್ತೆ ಕಪ್ಪು ಹಾಕುವ ಕೆಲಸ ಲೈಸೆನ್ಸ್ ಇರುವವರಿಗೇ ಬಿಟ್ಟಿದ್ದೇನೆ.

ನೀವು ದುಡ್ಡು ಬೇಡ ಅಂದಿರಿ, ಚಹಾಕ್ಕೂ ನಿಲ್ಲಲಿಲ್ಲ. ಹೆಸರು ಕೇಳುವಷ್ಟರಲ್ಲಿ ಯಲ್ಲಾಪುರದ ಬಸ್ಸು ಹತ್ತಿಬಿಟ್ಟಿದ್ದಿರಿ. ಗುರುತು ಸಿಕ್ಕವರು ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.