ಅಮ್ಮಂಗೆ, ನೀನೊಬ್ಳೇ ಓದು

ಕೊಲಂಬಸ್, ಭಾನುವಾರ

ಅಮ್ಮಾ, ನಮಸ್ಕಾರ. ನಾವೆಲ್ಲ ಆರಾಮ. ಫೋನಲ್ಲಿ ಹೇಳೋಣ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅಂತಾರೆ, ಅದಕ್ಕೇ ಬರೀತಿದೀನಿ.

ಅಪ್ಪಂಗೆ ಸ್ವಲ್ಪ ಕೆಮ್ಮು ಅಷ್ಟೆ, ಮಳೆಗಾಲದ್ದು ಅಂತ ಬರ್ದಿದ್ಯಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂತಿರ್ತಾರೆ ಅಂತ ಗಣೇಶ ಹೇಳ್ದ. ಸ್ವಲ್ಪ ಕೆಮ್ಮಿಗೆ ಯಾರಮ್ಮ ಆ ಚಳೀಲಿ ಬಂದು ಜಗಲೀಲಿ ಕೂರ್ತಾರೆ? ಇರ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ಹೋದ್ಸಲ ಅಪ್ಪ ಬಂದಾಗ ಎರಡೇ ರಾತ್ರಿಗೆ ಉಬ್ಬಸ ಎದ್ದಿತ್ತಲ್ಲ, ಆ ಕಾರ್ಪೆಟ್ ಕಿತ್ತು ಬಿಸಾಕಿದ್ವಿ. ಹಾಲಿಗೂ ನಿಮ್ಮ ರೂಮಿಗೂ ಓಕ್ ಹಲಗೆ ಹಾಕ್ತಿದೀವಿ. ಕೆಲಸದೋರ್ನ ಕರೆಸಿಲ್ಲ, ಇವ್ರೂ ನಾನೂ ಸೇರಿ ಮಾಡ್ತಿರೋದು. ದುಡ್ಡಿನ ಚಿಂತೆ ಬೇಡ, ಒಂದು ಪೈಸೆ ಸಾಲ ಇಲ್ಲ. ಕ್ರೆಡಿಟ್ ಕಾರ್ಡಲ್ಲಿ ಸ್ವಲ್ಪ ಇದೆ, ಅದು ಸಾಲ ಅಲ್ಲ.

ಇಲ್ಲಿ ನೆಲ ಅಂದ್ರೆ ಗಾರೆ ಕಾಂಕ್ರೀಟು ಏನೂ ಇಲ್ಲ, 16 ಇಂಚಿಗೊಂದು ಮರದ ತೊಲೆ, ಅದರ ಮೇಲೆ ಮುಕ್ಕಾಲಿಂಚು ಪ್ಲೈವುಡ್, ಅಷ್ಟೇ. ಸುಬ್ಬಣ್ಣ ಮಾವ ನೋಡಿದ್ರೆ ಇದು ಮನೆನಾ ಅಟ್ಟನಾ ಅಂತಿದ್ರು, ಆದ್ರೆ 40 ವರ್ಷದಿಂದ ಅಲ್ಲಾಡದೆ ನಿಂತಿದೆ ಅಂತ ಅವ್ರಿಗೆ ಹೇಳು. ಓಕ್ ಹಲಗೆ ಹೊಡೆಯೋದು ದೊಡ್ಡ ಕೆಲಸ ಅಲ್ಲ, ಅಡಿಯ ಪ್ಲೈವುಡ್ ರೆಡಿ ಮಾಡೋದ್ರಲ್ಲೇ ಸೊಂಟ ಹೋಯ್ತು. ಕಾರ್ಪೆಟ್ ಅಡಿ ಸಾವಿರಗಟ್ಟಲೆ ಸ್ಟೇಪಲ್ ಪಿನ್ನು, ಮಂಡಿಯೂರಿ ಒಂದೊಂದೇ ಇಕ್ಕಳದಲ್ಲಿ ಕಿತ್ತಿದ್ದು. ಆಮೇಲೆ ಸಾಕ್ಸ್ ಹಾಕ್ಕೊಂಡು ಕಳ್ಳರ ತರ ಓಡಾಡಿ ಎಲ್ಲಿ ಕಿರ್ರ್ ಅನ್ನುತ್ತೋ ಅಲ್ಲೆಲ್ಲ ಚಾಕ್‌ಪೀಸಲ್ಲಿ ಗುರುತು ಹಾಕಿ ತೊಲೆಗೆ ಕಚ್ಚೋ ಹಾಗೆ ಸ್ಕ್ರೂ ಹಾಕಿದ್ವಿ, ಈಗ ಬಿಟ್ರೆ ಮೇಲೆ ಓಕ್ ಕೂತ್ಮೇಲೆ ಆ ಸದ್ದು ಜನ್ಮಕ್ಕೂ ಹೋಗಲ್ಲ. 10 ಅಡಿ ಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ರೆ ಬೆಳಕು ನುಸುಳೋ ಕಡೆ ತಗ್ಗು. 3/16 ಇಂಚಿನವರೆಗೆ ಪರ್ವಾಗಿಲ್ಲ, ಕಿಟಕಿ ಹತ್ರ ಅದರ ಎರಡರಷ್ಟಿತ್ತು. ಅಲ್ಲಿಗೆ ಟಾರ್ ಕಾಗದ ಕತ್ತರಿಸಿ ಪದರ ಪದರ ಹಾಸಿದ್ವಿ, ಸಿಮೆಂಟ್ ಪುಡಿ ತುಂಬಿದ್ರೆ ಮೊಳೆ ಏಟಿಗೆ ಒಡೀಬಹುದು.

ಅಪ್ಪ ಚಾಲಿ ಅಡಿಕೆ ಕಿವಿ ಹತ್ರ ಕುಲುಕಿ ಒಣಗಿದೆಯಾ ಅಂತ ಹೇಳ್ತಾರಲ್ಲ, ಇಲ್ಲಿ ಅದಕ್ಕೆ ಎರಡು ಸೂಜಿ ಇರೋ ಮೀಟರ್, ಮರಕ್ಕೆ ಚುಚ್ಚಿದ್ರೆ ತೇವ ತೋರಿಸುತ್ತೆ. ಪ್ಲೈವುಡ್ ಶೇಕಡಾ 11, ಓಕ್ 8. ನಮ್ದು ಅಗಲ ಕಮ್ಮಿ ಹಲಗೆ, ವ್ಯತ್ಯಾಸ 4ರ ಒಳಗಿದ್ರೆ ಸಾಕು, ಜಾಸ್ತಿ ಆದ್ರೆ ಹಲಸಿನ ಹಪ್ಪಳದ ತರ ಅಂಚು ಎದ್ದು ಕೂರುತ್ತೆ. ಅಪ್ಪಂಗೆ ಇದನ್ನ ಹೇಳು, ಖುಷಿ ಪಡ್ತಾರೆ. ಇದನ್ನ ಮಾತ್ರ ಹೇಳು.

ಈಗ ಅಪ್ಪ ಉಬ್ಬಸಕ್ಕೆ ದಿನಾ ಎಳ್ಕೋಬೇಕಾದ ಪಂಪಿನ (ಇನ್ಹೇಲರ್) ವಿಷ್ಯ. ಅದರ ಹಿಂದೆ ಸಣ್ಣ ಕಿಂಡೀಲಿ ಇನ್ನೆಷ್ಟು ಸಲ ಎಳ್ಕೋಬಹುದು ಅನ್ನೋ ನಂಬರ್ ಇದೆ ನೋಡು. ಹೊಸದ್ರಲ್ಲಿ 120. ಬೆಳಿಗ್ಗೆ ಎರಡು ರಾತ್ರಿ ಎರಡು ಅಂದ್ರೆ ತಿಂಗಳಿಗೆ ಖಾಲಿ ಆಗ್ಬೇಕು. ಗೌರಿಹಬ್ಬದಲ್ಲಿ ತಂದಿದ್ದು, ಗಣೇಶ ಮೊನ್ನೆ ಫೋಟೋ ಕಳ್ಸಿದ, 86 ಅಂತಿದೆ! ಅವನಿಗೆ ಬೈಬೇಡ, ನಾನೇ ಕೇಳಿದ್ದು. ಅಭ್ಯಾಸ ಆದ್ರೆ ಬಿಡಕ್ಕಾಗಲ್ಲ ಅಂತ ಅಪ್ಪನ ತಲೆಗೆ ತುಂಬಿದ್ಯಾರು? ಅಭ್ಯಾಸ ಗಿಭ್ಯಾಸ ಏನೂ ಇಲ್ಲಮ್ಮ, ಮಾತ್ರೆಗಿಂತ ಎಷ್ಟೋ ಕಮ್ಮಿ ಔಷಧಿ, ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಆರಾಮಿದ್ದ ದಿನಾನೂ ಎಳ್ಕೋಬೇಕು, ಎಳ್ಕೊಂಡ್ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು. ಎಳೆತ ಬಂದಾಗ ಹಿಡಿಯೋ ನೀಲಿ ಪಂಪೇ ಬೇರೆ, ಅದೊಂದನ್ನೇ ನೆಚ್ಕೊಂಡು ಕೂತ್ರೆ ಆಗಲ್ಲ. ಈ ವಾರವೇ ಡಾಕ್ಟ್ರಿಗೆ ತೋರಿಸಿ. ರಾತ್ರಿ ಮಾತಾಡಕ್ಕೂ ಉಸಿರು ಸಾಲ್ದೇ ಇದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಗಣೇಶನ್ನ ಎಬ್ಬಿಸಿ ಸೀದಾ ಆಸ್ಪತ್ರೆಗೆ ಹೊರಡು. ದುಡ್ಡು ನಾನು ಕಳಿಸ್ತೀನಿ. ಹೇಳ್ದೆ ಮುಚ್ಚಿಡಬೇಡ, ದೂರ ಇರೋರಿಗೆ ಗೊತ್ತಾಗಲ್ಲ ಅಂತ ಅಂದ್ಕೋಬೇಡ.

ನಾನೇನೂ ಹೆದರಿಲ್ಲ, ಚೆನ್ನಾಗೇ ನಿದ್ದೆ ಮಾಡ್ತಿದೀನಿ, ಇಲ್ಲಿ ಎಲ್ಲ ಸರಿ ಇದೆ. ಮೇ ತಿಂಗಳಿಗೆ ಇಬ್ರೂ ಬರ್ಲೇಬೇಕು, ದಿಂಬು ಹೊದಿಕೆ ಕೂಡ ಹೊಸದು ತಂದಿದೀನಿ.

ಇವ್ರು ಕೂಗ್ತಿದಾರೆ, ಮೊಳೆ ಹೊಡೆಯೋ ಮಷಿನ್ ಬಾಡಿಗೆದು, ಐದಕ್ಕೆ ವಾಪಸ್ ಕೊಡ್ಬೇಕು, ಇನ್ನೂ ಅರ್ಧ ಹಾಲ್ ಬಾಕಿ. ನಂಬರ್ ಫೋಟೋ ದಿನಾ ಕಳ್ಸು.

ನಿನ್ನ
ಸುಮಾ