ಹಿಂದೆ ಏನೋ ತೂಗಾಡಿದ ಹಾಗೆ ಎಂದು ಬರೆದಿದ್ದೀಯಲ್ಲ

ಚಿ. ಪುಟ್ಟುಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮೆರಿಕದ ಟೆಕ್ಸಾಸಿನಲ್ಲಿ ಅಮರಿಲ್ಲೊ ಊರು ದಾಟಿದ ಮೇಲೆ, ನೀನು ಕಾರು ಹೇರಿಕೊಂಡು ಎಳೆಯುತ್ತಿದ್ದ ಟ್ರೇಲರ್ ತೂಗಾಡಿ ಹೈವೇಯಲ್ಲಿ ಆದದ್ದನ್ನೆಲ್ಲ ನಿಮ್ಮಪ್ಪ ಹೇಳಿದ್ದಾನೆ, ಮತ್ತೆ ಕೆದಕುವುದಿಲ್ಲ. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಅಷ್ಟು ಸಾಕು. ಆದರೆ ನಿನ್ನ ಕಾಗದದ ಕೊನೆಗೆ ಒಂದು ಸಾಲಿದೆ. ಈಗ ಟ್ರೇಲರ್ ಇಲ್ಲದೆ ಆಫೀಸಿಗೆ ಹೋಗುವಾಗಲೂ ಹಿಂದೆ ಏನೋ ತೂಗಾಡಿದ ಹಾಗಾಗುತ್ತದೆ, ಕನ್ನಡಿ ನೋಡುವುದನ್ನು ಬಿಡಲಾಗುತ್ತಿಲ್ಲ ಅಂತ. ಮನೆಯವರೆಲ್ಲ ಅದನ್ನು ಓದಿ ಮುಂದಕ್ಕೆ ಹೋದರು. ನನಗೆ ಆಗಲಿಲ್ಲ.

ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ ಕಾಲದಲ್ಲಿ ನನ್ನ ಟ್ರ್ಯಾಕ್ಟರಿನ ಟ್ರೈಲರೂ ಇಳಿಜಾರಿನಲ್ಲಿ ಹೀಗೇ ಬಾಲ ಬೀಸಿತ್ತು. ಎದುರಿಗೆ ಬಸ್ಸು. ಅದರ ಡ್ರೈವರ್ ಪುಣ್ಯಾತ್ಮ, ಮಣ್ಣಿಗಿಳಿಸಿಕೊಂಡ. ನಮ್ಮದು ಮಗುಚಿ ರಸ್ತೆ ತುಂಬ ಕಬ್ಬು. ಯಾರ ಕೂದಲೂ ಕೊಂಕಲಿಲ್ಲ. ಆದರೆ ಆಮೇಲೆ ಬರೀ ಇಂಜಿನ್ ಓಡಿಸಿದರೂ ಬೆನ್ನ ಹಿಂದೆ ಅದೇ ಎಳೆತ. ಗದ್ದೆ ಉಳುವಾಗಲೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಗಂಡಸಾಗಿ ಇದನ್ನು ಹೇಗೆ ಹೇಳುವುದು ಅಂತ ಯಾರಿಗೂ ಹೇಳಲಿಲ್ಲ. ಮಂಡಿನೋವು ಎಂದು ನೆಪ ತೆಗೆದು ಟ್ರ್ಯಾಕ್ಟರ್ ಮಾರಿಬಿಟ್ಟೆ. ಅದು ಇದ್ದಿದ್ದರೆ ಕೆಳಗದ್ದೆಯನ್ನು ಬೇರೆಯವರಿಗೆ ಗುತ್ತಿಗೆ ಕೊಡಬೇಕಾಗಿರಲಿಲ್ಲ. ಆ ಗದ್ದೆಯ ಬದುವಿನ ಮೇಲೆ ಹೋಗುವಾಗ ಈಗಲೂ ಹೊಟ್ಟೆ ಉರಿಯುತ್ತದೆ, ಪುಟ್ಟು.

ಅದಕ್ಕೇ ನಿನ್ನ ಆ ಸಾಲು ನನ್ನನ್ನು ಮಲಗಗೊಡಲಿಲ್ಲ.

ಸುಲಭ ಅಂತ ಕಾರನ್ನು ರಿವರ್ಸಿನಲ್ಲಿ ಹತ್ತಿಸಿದೆವು ಎಂದಿದ್ದೀಯ. ಇಂಜಿನ್ ಭಾರವೆಲ್ಲ ಹಿಂದಕ್ಕೆ ಬಿತ್ತು. ನಿಮ್ಮ ತಾತ ಗಾಡಿಗೆ ಮೂಟೆ ಹೇರಿದ ಮೇಲೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಎತ್ತಿ ನೋಡಿಯೇ ಎತ್ತು ಕಟ್ಟುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿಗೆ ಗಾಡಿಯ ಹಿಡಿತ ತಪ್ಪುತ್ತದೆ. ನಿಮ್ಮ ಕಡೆಯೂ ಲೆಕ್ಕ ಅದೇ ಅಂತೆ, ನಿನ್ನ ತಂಗಿ ಓದಿ ಹೇಳಿದಳು: ಹೇರಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಕಮ್ಮಿಯಾದರೆ ಪಕ್ಕದಲ್ಲಿ ದೊಡ್ಡ ಲಾರಿ ಹಾದ ಗಾಳಿಗೇ ಬೀಸಲು ಶುರು, ವೇಗ ಏರಿದಷ್ಟೂ ಬೀಸು ಜಾಸ್ತಿ. ಅಂದರೆ ಅವತ್ತು ತೂಗಾಡಿದ್ದಕ್ಕೆ ಕಾರಣ ಇತ್ತು. ಇವತ್ತು ನಿನ್ನ ಹಿಂದೆ ಆ ಭಾರವೇ ಇಲ್ಲ. ತಲೆಗೆ ಇದು ಗೊತ್ತು, ಮೈಗೆ ಗೊತ್ತಾಗಲು ಹೊತ್ತು ಬೇಕು.

ಬ್ರೇಕ್ ತುಳಿದೆನಲ್ಲ ಎಂದು ನಿನ್ನನ್ನೇ ಬೈದುಕೊಳ್ಳಬೇಡ. ಎಲ್ಲರ ಕಾಲೂ ಅಲ್ಲಿಗೇ ಹೋಗುತ್ತದೆ. ಮುಂದಿನ ಗಾಡಿ ತಡೆದರೆ ಹಿಂದಿನದು ನುಗ್ಗಿ ಮಡಚಿಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕಿತ್ತು. ಇಲ್ಲಿ ಜಗಲಿ ಮೇಲೆ ಕೂತು ಹೇಳುವುದು ಸುಲಭ, ಗೊತ್ತು.

ಇನ್ನೊಂದು. ನೀನು ಸೇರಿರುವ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ 55 ಮೈಲಿ, ನಮ್ಮ ಲೆಕ್ಕದಲ್ಲಿ 88 ಕಿಲೋಮೀಟರ್, ಮಿತಿಯಂತೆ. ಮತ್ತೆ ಎಳೆಯುವ ಕಾಲ ಬಂದರೆ ನೆನಪಿರಲಿ. ಬರದಿದ್ದರೆ ಇನ್ನೂ ಒಳ್ಳೆಯದು, ಖರ್ಚಾದರೂ ಕಾರು ಸಾಗಿಸುವವರ ಕೈಗೇ ಕೊಡು.

ನನ್ನ ಭಯ ಆ ಕನ್ನಡಿಯದು ಮಗ. ಅದನ್ನೇ ನೋಡುತ್ತಿದ್ದರೆ ಎದುರಿನ ರಸ್ತೆಯನ್ನು ಯಾರು ನೋಡುತ್ತಾರೆ? ಸ್ವಲ್ಪ ದಿನ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು, ವಾಹನ ಕಮ್ಮಿ ಇರುವ ರಸ್ತೆಯಲ್ಲಿ ಓಡಿಸು. ಹಿಂದೆ ಏನಾದರೂ ಆಗುತ್ತಿದೆಯಾ ಅಂತ ಅವರನ್ನೇ ಕೇಳು, ನಾಚಿಕೆ ಪಡಬೇಡ. ನಿದ್ದೆಯೂ ಕೆಟ್ಟಿದ್ದರೆ ಡಾಕ್ಟರ ಹತ್ತಿರ ಹೋಗು. ಇದಕ್ಕೂ ಡಾಕ್ಟರಿದ್ದಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಭಾನುವಾರ ಫೋನ್ ಮಾಡು, ನನ್ನ ನಂಬರಿಗೇ ಮಾಡು. ಗಾಡಿ ಓಡಿಸಿದೆಯಾ, ಹೇಗನ್ನಿಸಿತು, ಅಷ್ಟನ್ನೇ ಕೇಳುತ್ತೇನೆ. ಮಂಡಿನೋವಿನ ವಿಷಯ ಸದ್ಯಕ್ಕೆ ನಿಮ್ಮಪ್ಪನಿಗೆ ಹೇಳಬೇಡ. ಅದನ್ನು ಅವನಿಗೆ ನಾನೇ ಹೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ