ಬಿಯರ್ ಕೆಟ್ಟಿದ್ದು ಬ್ರುವರಿಯಲ್ಲೋ, ಅಂಗಡಿಯಲ್ಲೋ?

ಮಾನ್ಯ ಸಂಪಾದಕರೇ,

ನಗರದ ಹೊರವಲಯದ ಸಣ್ಣ ಬ್ರುವರಿಗಳು ಬಾಟಲಿಯಲ್ಲಿ ತುಂಬಿ ಮಾರುತ್ತಿರುವ ಬಿಯರ್ ಕುರಿತು ಓದುಗರೊಬ್ಬರು ಈ ಅಂಕಣದಲ್ಲಿ ಬರೆದ ಪತ್ರಕ್ಕೆ ಪ್ರತಿಕ್ರಿಯೆಯಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಹೆಸರಿನ ಎರಡು ಬಾಟಲಿಗಳಿಗೆ ಎರಡು ರುಚಿ ಇರುತ್ತದೆ, ತಳದಲ್ಲಿ ಗಸಿ ನಿಂತಿರುತ್ತದೆ, ಗೋಧಿ ಬಿಯರ್‌ಗೆ ಬಾಳೆಹಣ್ಣಿನ ಎಸೆನ್ಸ್ ಬೆರೆಸುತ್ತಾರೆ, ಆದ್ದರಿಂದ ಇವರಿಗೆ ಕಸುಬೇ ಗೊತ್ತಿಲ್ಲ ಎಂಬುದು ಅವರ ಮಾತಿನ ಸಾರ. ಮೊದಲನೆಯ ದೂರು ನಿಜ, ಆದರೆ ಅದನ್ನು ಯಾರ ಮೇಲೆ ಹೊರಿಸಬೇಕು ಎಂಬಲ್ಲಿ ಅವರು ಎಡವಿದ್ದಾರೆ. ಉಳಿದೆರಡು ದೂರುಗಳೇ ಅಲ್ಲ.

ಆ ಎರಡನ್ನು ಮೊದಲು ಮುಗಿಸುತ್ತೇನೆ. ದೊಡ್ಡ ಕಂಪನಿಗಳು ಬಿಯರನ್ನು ಸೋಸಿ, ಬಾಟಲಿ ತುಂಬಿದ ಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಪಾಶ್ಚರೀಕರಿಸುತ್ತವೆ. ಸಣ್ಣ ಬ್ರುವರಿಗಳಲ್ಲಿ ಹಲವು ಇದನ್ನು ಬೇಕೆಂದೇ ಮಾಡುವುದಿಲ್ಲವಾದ್ದರಿಂದ ಯೀಸ್ಟ್ ಬಾಟಲಿಯ ತಳದಲ್ಲಿ ನಿಲ್ಲುತ್ತದೆ. ಜರ್ಮನ್ ಶೈಲಿಯ ಗೋಧಿ ಬಿಯರ್‌ನ ಬಾಳೆಹಣ್ಣಿನ ಪರಿಮಳಕ್ಕೂ ಆ ಯೀಸ್ಟೇ ಕಾರಣ: ಹುದುಗುವಾಗ ಅದು ಉಂಟುಮಾಡುವ ಐಸೊಅಮೈಲ್ ಅಸಿಟೇಟ್ ಮಾಗಿದ ಬಾಳೆಹಣ್ಣಿನಲ್ಲಿಯೂ ಇರುವಂಥದ್ದು. ಅದರ ಬೆನ್ನಿಗೇ ಬರುವ ಲವಂಗದಂಥ ಘಮವೂ ಯೀಸ್ಟಿನದೇ. ಬೆಲ್ಜಿಯಂ ಶೈಲಿಯ ಗೋಧಿ ಬಿಯರ್‌ಗೆ ಮಾತ್ರ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಅದು ಶತಮಾನಗಳ ರೂಢಿಯೇ ಹೊರತು ಕಲಬೆರಕೆಯಲ್ಲ.

ಇನ್ನು ಎರಡು ರುಚಿಯ ಪ್ರಶ್ನೆ. ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ನಾಲಿಗೆಯನ್ನು ನಂಬುವ ಮೊದಲು ಅದನ್ನು ಪರೀಕ್ಷೆಗೆ ಒಡ್ಡಬೇಕೆಂಬುದು ಹಳೆಯ ಅಭ್ಯಾಸ. ಸ್ಥಳೀಯ ಬ್ರುವರಿಯೊಂದರ ನಾಲ್ಕು ಬಗೆಯ ಬಿಯರುಗಳನ್ನು, ತಿಳಿ ಲಾಗರ್, ಗೋಧಿ ಬಿಯರ್, ಹಾಪ್ಸ್ ಎಂಬ ಕಹಿ ಹೂವನ್ನು ಹೆಚ್ಚಾಗಿ ಹಾಕುವ ಐಪಿಎ ಮತ್ತು ಚಿಕ್ಕಮಗಳೂರಿನ ಕಾಫಿ ಸೇರಿಸಿದ ಕಪ್ಪು ಪೋರ್ಟರ್‌ಗಳನ್ನು, ಎರಡು ಅಂಗಡಿಗಳಿಂದ ತಂದೆ. ತಯಾರಿಕೆಯ ದಿನಾಂಕ ಒಂದೇ ಇರುವಂತೆ ಹುಡುಕಿ ಆರಿಸಿದೆ. ಒಂದು ಅಂಗಡಿಯಲ್ಲಿ ಬಿಯರೆಲ್ಲ ಬಾಗಿಲು ಮುಚ್ಚಿದ ಫ್ರಿಜ್ಜಿನಲ್ಲಿತ್ತು. ಇನ್ನೊಂದರಲ್ಲಿ ಅದನ್ನು ರಸ್ತೆಗೆ ಕಾಣುವಂತೆ, ಪಶ್ಚಿಮದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಬ್ರುವರಿಯ ಹೆಸರು ಬರೆದರೆ ಈ ಪತ್ರ ಜಾಹೀರಾತಾಗುತ್ತದೆ, ಅಂಗಡಿಯ ಹೆಸರು ಬರೆದರೆ ದೂಷಣೆಯಾಗುತ್ತದೆ. ಎರಡೂ ಇಲ್ಲಿ ಅನವಶ್ಯಕ.

ಎಲ್ಲ ಬಾಟಲಿಗಳನ್ನೂ ಒಂದೇ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟು, ಕುಡಿಯುವ ಮೊದಲು ಸ್ವಲ್ಪ ಹೊತ್ತು ಹೊರಗಿಟ್ಟೆವು. ಮಂಜುಗಡ್ಡೆಯಷ್ಟು ತಣ್ಣಗಿರುವ ಬಿಯರ್ ನಾಲಿಗೆಯನ್ನು ಮರಗಟ್ಟಿಸಿ ಗುಣದೋಷಗಳೆರಡನ್ನೂ ಮುಚ್ಚಿಬಿಡುತ್ತದೆ. ಲಾಗರ್‌ಗೆ 5ರಿಂದ 7, ಐಪಿಎ ಮತ್ತು ಪೋರ್ಟರ್‌ಗೆ 10 ಡಿಗ್ರಿಯ ಆಸುಪಾಸು ಸರಿಯಾದ ತಂಪು. ಬಾಟಲಿಗಳಿಗೆ ಕಾಗದ ಸುತ್ತಿ, ಯಾವುದು ಯಾವ ಅಂಗಡಿಯದೆಂದು ಸುರಿಯುವವರಿಗಷ್ಟೇ ತಿಳಿಯುವಂತೆ ಮಾಡಿದೆವು. ಲೋಟದಲ್ಲಿ ಸಾಬೂನಿನ ಅಥವಾ ಎಣ್ಣೆಯ ಪಸೆ ಉಳಿದರೆ ನೊರೆ ಕ್ಷಣದಲ್ಲಿ ಸಾಯುವುದರಿಂದ ಅವುಗಳನ್ನು ಚೆನ್ನಾಗಿ ತೊಳೆದು, ಒರೆಸದೆ ಬೋರಲು ಹಾಕಿ ಒಣಗಿಸಿದ್ದೆವು. ನಂಚಿಕೊಳ್ಳಲು ಬರೀ ಕಡಲೆಪುರಿ. ಗೆಳೆಯರೊಬ್ಬರು ಪ್ರೀತಿಯಿಂದ ತಂದಿದ್ದ ಕಾಂಗ್ರೆಸ್ ಕಡಲೇಕಾಯಿಯನ್ನು ಎಲ್ಲ ಮುಗಿಯುವವರೆಗೆ ಅಡುಗೆಮನೆಯಲ್ಲಿ ಬಚ್ಚಿಡಬೇಕಾಯಿತು, ಏಕೆಂದರೆ ಆ ಖಾರದ ಮುಂದೆ ಯಾವ ಹಾಪ್ಸಿನ ಸೂಕ್ಷ್ಮವೂ ನಿಲ್ಲದು.

ಫ್ರಿಜ್ಜಿನಲ್ಲಿದ್ದ ಲಾಗರ್ ತಿಳಿಯಾಗಿ, ಹೊಸದಾಗಿ ಸುಟ್ಟ ಬ್ರೆಡ್ಡಿನ ಹಿತವಾದ ಸಿಹಿಯೊಂದಿಗೆ ಶುರುವಾಗಿ ಚುರುಕಾದ ಕಹಿಯಲ್ಲಿ ಮುಗಿಯಿತು. ಕಪಾಟಿನಲ್ಲಿದ್ದ ಅದೇ ಲಾಗರನ್ನು ಮೂಗಿನ ಹತ್ತಿರ ತಂದ ಕೂಡಲೇ ಸುಟ್ಟ ರಬ್ಬರಿನ ವಾಸನೆ ಬಂತು. ಯಾರೂ ಲೋಟ ಖಾಲಿ ಮಾಡಲಿಲ್ಲ. ಐಪಿಎಯ ವ್ಯತ್ಯಾಸ ಇನ್ನೂ ಬೇಸರ ತರಿಸುವಂಥದ್ದು. ಒಳ್ಳೆಯ ಬಾಟಲಿಯಲ್ಲಿ ಕಿತ್ತಳೆ ಸಿಪ್ಪೆಯನ್ನು ಹಿಚುಕಿದಾಗ ಚಿಮ್ಮುವಂಥ ಪರಿಮಳ, ಹಿಂದೆಯೇ ಗಟ್ಟಿಯಾದ, ಬಹಳ ಹೊತ್ತು ನಿಲ್ಲುವ ಕಹಿ ಇತ್ತು. ಇನ್ನೊಂದರಲ್ಲಿ ಪರಿಮಳವೆಲ್ಲ ಹೋಗಿ, ಬಣ್ಣ ಒಂದು ಛಾಯೆ ಗಾಢವಾಗಿ, ಒದ್ದೆ ರಟ್ಟಿನ ವಾಸನೆಯ ಜೊತೆಗೆ ಅಂಟಂಟು ಸಿಹಿ ಮತ್ತು ಒರಟು ಕಹಿ ಮಾತ್ರ ಉಳಿದಿದ್ದವು. ಗೋಧಿ ಬಿಯರ್ ಮಂಕಾಗಿತ್ತೇ ಹೊರತು ಕೆಟ್ಟಿರಲಿಲ್ಲ. ಪೋರ್ಟರ್ ಮಾತ್ರ ಕಪಾಟಿನ ಬಿಸಿಲನ್ನೂ ಹೆಚ್ಚುಕಡಿಮೆ ಗೆದ್ದು ಬಂದಿತ್ತು. ಕಾಫಿಯ ಘಮ ತುಸು ಇಳಿದಿದ್ದರೂ ಹುರಿದ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರುಚಿ ಹಾಗೇ ಇತ್ತು. ನನ್ನ ಮಟ್ಟಿಗೆ ನಾಲ್ಕರಲ್ಲಿ ಶ್ರೇಷ್ಠವಾದುದು ಅದೇ.

ಹೀಗೇಕಾಗುತ್ತದೆ ಎಂಬುದರಲ್ಲಿ ನಿಗೂಢವೇನೂ ಇಲ್ಲ. ಹಾಪ್ಸಿನ ಕಹಿ ಅಂಶಗಳು ಬೆಳಕಿಗೆ ಸಿಕ್ಕಾಗ, ಬಿಯರ್‌ನಲ್ಲೇ ಇರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ನೆರವಿನಿಂದ ಒಡೆದು, ಅತ್ಯಲ್ಪ ಪ್ರಮಾಣದಲ್ಲೂ ಮೂಗಿಗೆ ಹೊಡೆಯುವ ಗಂಧಕದ ಸಂಯುಕ್ತವೊಂದನ್ನು ಹುಟ್ಟಿಸುತ್ತವೆ. ನೇರ ಬಿಸಿಲಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ಈ ಬೆಳಕಿನ ಬಹುಪಾಲನ್ನು ತಡೆಯುತ್ತದೆ, ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ಬ್ರುವರಿಯವರು ಲಾಗರನ್ನು ಹಸಿರು ಬಾಟಲಿಯಲ್ಲಿ ತುಂಬಿದ್ದರು. ಇಷ್ಟು ಬಲ್ಲವರು ಅಂದಕ್ಕಾಗಿ ಹೀಗೆ ಮಾಡಿದ್ದು ನನಗೆ ಅರ್ಥವಾಗಿಲ್ಲ. ಎರಡನೆಯ ಶತ್ರು ಶಾಖ. ಉಷ್ಣತೆ 10 ಡಿಗ್ರಿ ಏರಿದಂತೆ ಬಿಯರನ್ನು ಹಳಸಿಸುವ ರಾಸಾಯನಿಕ ಕ್ರಿಯೆಗಳ ವೇಗ ಎರಡು ಪಟ್ಟಿಗೂ ಮೀರಿ ಏರಬಹುದು. ಬೆಂಗಳೂರಿನ ಹವೆ ತಂಪು ಎಂಬ ಹಳೆಯ ಹೆಮ್ಮೆಯನ್ನು ನಂಬಿ ಏಪ್ರಿಲ್‌ನ 35 ಡಿಗ್ರಿಯಲ್ಲಿ ಪೆಟ್ಟಿಗೆಗಳನ್ನು ಶಟರ್ ಬಳಿ ಪೇರಿಸಿಟ್ಟರೆ, ಮಾರುವ ಒಂದು ತಾಸು ಮುಂಚೆ ಫ್ರಿಜ್ಜಿಗೆ ಹಾಕಿದ ಮಾತ್ರಕ್ಕೆ ಕೆಟ್ಟದ್ದು ಸರಿಹೋಗುವುದಿಲ್ಲ.

ವಿಠಲ ಮಲ್ಯ ರಸ್ತೆಯಲ್ಲಿ ಈಗ ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಬ್ರುವರಿಯೇ ಇತ್ತು. ಈ ಊರಿಗೆ ಬಿಯರ್ ಹೊಸದಲ್ಲ. ಹೊಸದೇನೆಂದರೆ, ಕಳೆದ ಹದಿನೈದು ವರ್ಷಗಳಲ್ಲಿ ಇಂದಿರಾನಗರ, ಲ್ಯಾವೆಲ್ಲೆ ರಸ್ತೆ, ವೈಟ್‌ಫೀಲ್ಡ್‌ಗಳ ಮೈಕ್ರೊಬ್ರುವರಿಗಳಲ್ಲಿ ತಾಜಾ ಬಿಯರ್ ಕುಡಿದು ರುಚಿ ಬಲ್ಲವರಾದ ಗ್ರಾಹಕರು. ಅಲ್ಲಿ ತೊಟ್ಟಿಯಿಂದ ಲೋಟಕ್ಕೆ ಕೆಲವು ಅಡಿಗಳ ದೂರ. ಬಾಟಲಿಯ ಬಿಯರ್ ಹಾಗಲ್ಲ: ಅದು 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊ ಮೂಲಕ ಹಾದು, ಲಾರಿ ಏರಿ, ಸಿಎಲ್-2 ಪರವಾನಗಿಯ ಚಿಲ್ಲರೆ ಮದ್ಯದಂಗಡಿ ಸೇರಿ, ಅಲ್ಲಿ ಗ್ರಾಹಕನಿಗಾಗಿ ಕಾಯಬೇಕು. ದೊಡ್ಡ ಕಂಪನಿಯ ಸ್ಟ್ರಾಂಗ್ ಬಿಯರ್ ದಿನನಿತ್ಯ ಖರ್ಚಾಗುವುದರಿಂದ ಕೆಡಲು ಅದಕ್ಕೆ ಪುರುಸೊತ್ತೇ ಇಲ್ಲ. ನಿಧಾನವಾಗಿ ಮಾರಾಟವಾಗುವ ಸಣ್ಣವರ ಬಾಟಲಿಯೇ ಈ ಕಾಯುವಿಕೆಯ ಬೆಲೆ ತೆರುತ್ತದೆ.

ದಿನಾಂಕದ ಬಗ್ಗೆ ಬ್ರುವರಿಗಳಿಗೂ ಒಂದು ಮಾತು ಹೇಳಬೇಕು. ಮದ್ಯಸಾರ ಶೇ 10ಕ್ಕಿಂತ ಕಡಿಮೆ ಇರುವುದರಿಂದ, ವಿಸ್ಕಿಗೆ ಇರುವ ವಿನಾಯಿತಿ ಬಿಯರ್‌ಗಿಲ್ಲ. ಅದರ ಮೇಲೆ ಬಳಕೆಯ ಅವಧಿಯನ್ನು ಮುದ್ರಿಸಲೇಬೇಕು. ಮುದ್ರಿಸುತ್ತಾರೆ ನಿಜ, ಆದರೆ ಕತ್ತಿನ ಬಳಿ, ಫ್ರಿಜ್ಜಿನ ತೇವಕ್ಕೆ ಬೆರಳಿನಲ್ಲೇ ಅಳಿಸಿಹೋಗುವ ಶಾಯಿಯ ಚುಕ್ಕೆಗಳಲ್ಲಿ. ಲೇಬಲ್ಲಿನ ಮೇಲೆ ಆನೆ, ಆಟೊ, ಗೂಬೆಗಳಿಗೆಲ್ಲ ಜಾಗ ಮಾಡಿಕೊಡುವವರು ಬಾಟಲಿ ತುಂಬಿದ ದಿನವನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಅಚ್ಚು ಮಾಡಿಸಬಹುದು.

ಅಬಕಾರಿ ಇಲಾಖೆಯೂ ಜುಲೈ 1ಕ್ಕೆ ಶುರುವಾಗುವ ವರ್ಷಕ್ಕೆ ಪರವಾನಗಿ ನವೀಕರಿಸುವಾಗ, ಬಿಯರ್ ಇಡುವ ಜಾಗಕ್ಕೆ ನೇರ ಬಿಸಿಲು ಬೀಳಬಾರದೆಂಬ ಒಂದು ಷರತ್ತನ್ನು ಸೇರಿಸಿದರೆ ಅಂಗಡಿಯವರಿಗೆ ಅದು ದೊಡ್ಡ ಖರ್ಚಿನ ಬಾಬತ್ತೇನೂ ಆಗದು. ಅಲ್ಲಿಯವರೆಗೆ ಈ ಪತ್ರಕ್ಕೆ ಕಾರಣರಾದ ಓದುಗರು ಪ್ರದರ್ಶನಕ್ಕಿಟ್ಟ ಬಾಟಲಿಯನ್ನು ಬಿಟ್ಟು, ಒಳಗಿರುವ ಮುಚ್ಚಿದ ಪೆಟ್ಟಿಗೆಯಿಂದ ತೆಗೆದುಕೊಡುವಂತೆ ಕೇಳಿ ನೋಡಲಿ. ಅಂಗಡಿಯವರು ಗೊಣಗುತ್ತಾರೆ, ಆದರೆ ಕೊಡುತ್ತಾರೆ.

ಇಂತಿ,
ನಿಮ್ಮ ಓದುಗ,
ಮಲ್ಲೇಶ್ವರಂ, ಬೆಂಗಳೂರು